ಗದ್ದಲದ ಒಡೆತನ

2020ರ ಮೇ 16ರ ಶನಿವಾರ ಜರ್ಮನಿಯ ಡಾರ್ಟ್‌ಮಂಡ್‌ನಲ್ಲಿ ಫುಟ್‌ಬಾಲ್ ಮತ್ತೆ ಶುರುವಾಯಿತು. ಕೋವಿಡ್‌ನಿಂದ ಎರಡು ತಿಂಗಳು ಬಾಗಿಲು ಹಾಕಿದ್ದ ಬುಂಡೆಸ್‌ಲೀಗಾ, ಯುರೋಪಿನ ದೊಡ್ಡ ಲೀಗ್‌ಗಳಲ್ಲಿ ಎಲ್ಲಕ್ಕಿಂತ ಮೊದಲು ಬಾಗಿಲು ತೆರೆದಿತ್ತು. ತೆರೆದದ್ದು ಆಟಗಾರರಿಗೆ ಮಾತ್ರ. ಎದುರಾಳಿ ಶಾಲ್ಕೆ, ಅಂದರೆ ನೆರೆಯೂರಿನ ಹಳೇ ವೈರಿ. ಬೇರೆ ಯಾವ ವರ್ಷವಾದರೂ ಆ ದಿನ 80,000 ಜನ ಸೇರುತ್ತಿದ್ದರು. ದಕ್ಷಿಣದ ಗೋಲ್ ಹಿಂದಿನ ಇಳಿಜಾರಿನಲ್ಲಿ ಸುಮಾರು 25,000 ಮಂದಿ ಹಳದಿ ಅಂಗಿ ತೊಟ್ಟು ನಿಂತೇ ಆಟ ನೋಡುತ್ತಿದ್ದರು. ಜಗತ್ತು ಅದನ್ನು ‘ಹಳದಿ ಗೋಡೆ’ ಎಂದು ಕರೆಯುತ್ತದೆ. ಅಂದು ಅಲ್ಲಿದ್ದದ್ದು ಬರೀ ಕಾಂಕ್ರೀಟ್ ಮೆಟ್ಟಿಲು. ಚೆಂಡಿಗೆ ಬೂಟು ತಾಗಿದ ಸದ್ದು, ಕೋಚ್‌ಗಳ ಬೈಗುಳ, ಗೋಲ್‌ಕೀಪರ್‌ನ ಕರೆ ಎಲ್ಲವೂ ಛಾವಣಿಗೆ ಬಡಿದು ವಾಪಸು ಬರುತ್ತಿತ್ತು. ಡಾರ್ಟ್‌ಮಂಡ್ 4–0ಯಿಂದ ಗೆದ್ದಿತು. ಪಂದ್ಯ ಮುಗಿದ ಮೇಲೆ ಆಟಗಾರರು ವಾಡಿಕೆಯಂತೆ ಆ ಖಾಲಿ ಗೋಡೆಯ ಮುಂದೆ ಹೋಗಿ ನಿಂತು ಕೈಯೆತ್ತಿದರು.

ಆ ದಿನಗಳಲ್ಲಿ ಟಿವಿಯಲ್ಲಿ ನೋಡಿದವರಿಗೆ ಇನ್ನೊಂದು ದಾರಿಯಿತ್ತು. ಜರ್ಮನಿಯ ಸ್ಕೈ ವಾಹಿನಿ, ಹಿಂದಿನ ಪಂದ್ಯಗಳಲ್ಲಿ ಮುದ್ರಿಸಿಕೊಂಡ ಜನರ ಕೂಗನ್ನು ಬೆರೆಸಿದ ಧ್ವನಿಯನ್ನೂ ಕೊಡುತ್ತಿತ್ತು. ಬೇಕಾದವರು ರಿಮೋಟ್ ಒತ್ತಿ ಆರಿಸಿಕೊಳ್ಳಬಹುದಿತ್ತು. ಒಂದು ತಿಂಗಳ ನಂತರ, ಜೂನ್ 17ರಂದು, ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಮರಳಿದಾಗ ಅಲ್ಲಿನ ವಾಹಿನಿ ಇಎ ಸ್ಪೋರ್ಟ್ಸ್ ಕಂಪನಿಯ ವಿಡಿಯೋ ಗೇಮ್‌ಗೆಂದು ಸಂಗ್ರಹಿಸಿದ್ದ ಧ್ವನಿಭಂಡಾರವನ್ನೇ ಬಳಸಿಕೊಂಡಿತು. ಆಟ ನೋಡಿ ಗೇಮ್ ಮಾಡಿದ್ದರು; ಈಗ ಗೇಮ್‌ನಿಂದ ಆಟಕ್ಕೆ ಸದ್ದು ಸಾಲ ಬಂತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಐಪಿಎಲ್ ದುಬೈ, ಅಬುಧಾಬಿ, ಶಾರ್ಜಾಗಳ ಖಾಲಿ ಮೈದಾನಗಳಿಗೆ ಹೋದಾಗ ನಾವೂ ಇಂಥದೇ ಡಬ್ಬಿಯ ಕೂಗನ್ನು ಕೇಳಿದೆವು.

ಅಭಿಮಾನಿಗಳಲ್ಲಿ ಎರಡು ಬಣಗಳಾದವು. ಸದ್ದಿಲ್ಲದ ಪಂದ್ಯ ಅಭ್ಯಾಸದ ಆಟದಂತೆ ಕಾಣುತ್ತದೆ, ಸುಳ್ಳಾದರೂ ಸರಿ, ಸದ್ದಿರಲಿ ಎಂದಿತು ಒಂದು ಬಣ. ನಾವಿಲ್ಲದಿರುವಾಗ ನಾವಿರುವಂತೆ ನಟಿಸುವುದು ನಮಗೆ ಮಾಡುವ ಅವಮಾನ ಎಂದಿತು ಇನ್ನೊಂದು. ಮೊದಲನೆಯವರ ಮಾತು ನನಗೆ ಸುಲಭವಾಗಿ ಅರ್ಥವಾಗುತ್ತದೆ. ಎರಡನೆಯವರ ಸಿಟ್ಟನ್ನು ಅಷ್ಟು ಸುಲಭಕ್ಕೆ ಬಿಡಿಸಲಾಗುವುದಿಲ್ಲ. ಸದ್ದು ಸದ್ದೇ ತಾನೆ? ಗಾಳಿಯಲ್ಲಿನ ಒತ್ತಡದ ಏರಿಳಿತ ಗಂಟಲಿನಿಂದ ಬಂತೋ ಸ್ಪೀಕರಿನಿಂದ ಬಂತೋ ಎಂದು ಕಿವಿಯ ತಮಟೆ ವಿಚಾರಿಸುವುದಿಲ್ಲ.

ಮೊದಲು ಲೆಕ್ಕ ನೋಡೋಣ. ಸದ್ದಿನ ಅಳತೆ ಡೆಸಿಬೆಲ್. ಅದು ಕೂಡುತ್ತಾ ಹೋಗುವ ಅಳತೆಯಲ್ಲ, ಗುಣಿಸುತ್ತಾ ಹೋಗುವ ಅಳತೆ. ಒಬ್ಬೊಬ್ಬರೂ ತಮ್ಮಷ್ಟಕ್ಕೆ ಕೂಗುವ ಗುಂಪು ಇಮ್ಮಡಿಯಾದರೆ ಸದ್ದಿನ ಶಕ್ತಿಯೂ ಇಮ್ಮಡಿ. ಡೆಸಿಬೆಲ್ ಮಾತ್ರ ಏರುವುದು 3. ಕಿವಿಗೆ ‘ಸದ್ದು ಎರಡರಷ್ಟಾಯಿತು’ ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅಂದರೆ ಕೂಗುವವರು ಹತ್ತು ಪಟ್ಟು ಹೆಚ್ಚಬೇಕು. 30,000 ಜನರ ಮೈದಾನ ಕೆಡವಿ 60,000 ಜನರದ್ದು ಕಟ್ಟಿಸಿದ ಕ್ಲಬ್ಬಿಗೆ ಸಿಗುವುದು, ಹೊಸಬರೆಲ್ಲ ಹಳಬರಷ್ಟೇ ಕೂಗಿದರೂ, ಬರೀ 3 ಡೆಸಿಬೆಲ್. ಅದೇ 3 ಡೆಸಿಬೆಲ್ಲನ್ನು ಆಂಪ್ಲಿಫೈಯರಿನ ಗುಂಡಿ ಕೊಂಚ ತಿರುಗಿಸಿ ಪಡೆಯಬಹುದು. ಹೀಗಾಗಿ ಸದ್ದಿನ ಪ್ರಮಾಣವಷ್ಟೇ ಬೇಕಿದ್ದರೆ ಜನರ ಅಗತ್ಯವೇ ಇಲ್ಲ. ಆದರೂ 2011ರ ಮಾರ್ಚ್ 18ರಂದು ಇಸ್ತಾಂಬುಲ್‌ನಲ್ಲಿ ಗಲಾಟಸರಾಯ್ ಅಭಿಮಾನಿಗಳು 131.76 ಡೆಸಿಬೆಲ್ ಕೂಗಿ ಗಿನ್ನೆಸ್ ದಾಖಲೆ ಬರೆದದ್ದು ಸುದ್ದಿಯಾಯಿತು. ಯಾವ ಸ್ಪೀಕರೂ ಅಂಥ ದಾಖಲೆಗೆ ಅರ್ಜಿ ಹಾಕಿದ್ದನ್ನು ಕಾಣೆ.

ಮೈದಾನ ಕಳೆಗಟ್ಟುವುದಕ್ಕೂ ಡೆಸಿಬೆಲ್ಲಿಗೂ ನೇರ ಸಂಬಂಧವಿಲ್ಲ ಎಂಬುದಕ್ಕೆ ಒಂದು ಸೊಗಸಾದ ಪುರಾವೆ ಫುಟ್‌ಬಾಲಿನ ಹೊರಗಿನಿಂದ ಬಂದಿದೆ. 2000ದಲ್ಲಿ ಜೊಲ್ಟಾನ್ ನೇಡಾ ಮತ್ತು ಸಂಗಡಿಗರು ರೊಮೇನಿಯಾ, ಹಂಗೆರಿಗಳ ನಾಟಕ ಮತ್ತು ಒಪೆರಾ ಮಂದಿರಗಳಲ್ಲಿ ಪ್ರೇಕ್ಷಕರ ಚಪ್ಪಾಳೆಯನ್ನು ಮುದ್ರಿಸಿ ವಿಶ್ಲೇಷಿಸಿದರು. ‘ನೇಚರ್’ ಪತ್ರಿಕೆ ಅದನ್ನು ಪ್ರಕಟಿಸಿತು. ಪ್ರದರ್ಶನ ಮುಗಿದೊಡನೆ ಜನ ಮನಬಂದಂತೆ ಬಿರುಸಾಗಿ ತಟ್ಟುತ್ತಾರೆ. ಸ್ವಲ್ಪ ಹೊತ್ತಿಗೆ, ಯಾರೂ ಹೇಳಿಕೊಡದೆ, ಇಡೀ ಸಭೆ ಒಂದೇ ತಾಳಕ್ಕೆ ಬೀಳುತ್ತದೆ. ಆಗ ಪ್ರತಿಯೊಬ್ಬರೂ ತಮ್ಮ ಚಪ್ಪಾಳೆಯ ವೇಗವನ್ನು ಸುಮಾರು ಅರ್ಧಕ್ಕೆ ಇಳಿಸಿಕೊಂಡಿರುತ್ತಾರೆ. ವೇಗವಾಗಿ ತಟ್ಟುವಾಗ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸ ಹೆಚ್ಚು. ನಿಧಾನವಾದರೆ ಕೂಡಿಕೊಳ್ಳುವುದು ಸುಲಭ. ಅರ್ಧ ವೇಗವೆಂದರೆ ಅರ್ಧದಷ್ಟು ಚಪ್ಪಾಳೆ, ಹಾಗಾಗಿ ಒಟ್ಟು ಸದ್ದು ಇಳಿಯುತ್ತದೆ. ಸದ್ದು ಹೆಚ್ಚಿಸುವ ಹುಮ್ಮಸ್ಸಿನಲ್ಲಿ ಜನ ಮತ್ತೆ ವೇಗ ಏರಿಸುತ್ತಾರೆ, ತಾಳ ಮುರಿಯುತ್ತದೆ, ಮತ್ತೆ ಕೂಡುತ್ತದೆ. ಜೋರಾಗಿರುವುದು, ಜೊತೆಯಾಗಿರುವುದು ಇವೆರಡೂ ಒಟ್ಟಿಗೆ ದಕ್ಕದಿದ್ದಾಗ ಜನ ಜೋರನ್ನು ಬಿಟ್ಟುಕೊಟ್ಟು ಜೊತೆಯನ್ನು ಆರಿಸಿಕೊಳ್ಳುತ್ತಾರೆ, ಕೊಂಚ ಹೊತ್ತಾದರೂ.

ಜೊತೆಯಾಗುವುದರಿಂದ ದೇಹಕ್ಕೇ ಏನೋ ಸಿಗುತ್ತದೆ ಎಂಬುದಕ್ಕೂ ಆಧಾರವಿದೆ. ಆಕ್ಸ್‌ಫರ್ಡಿನ ದೋಣಿಸ್ಪರ್ಧೆಯ ಹುಟ್ಟುಗಾರರ ಮೇಲೆ ರಾಬಿನ್ ಡನ್‌ಬಾರ್ ಮೊದಲಾದವರು ನಡೆಸಿ 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಷ್ಟೇ ಶ್ರಮವನ್ನು ಒಬ್ಬೊಬ್ಬರೇ ಪಟ್ಟಾಗಿನದಕ್ಕಿಂತ ಒಟ್ಟಾಗಿ ಒಂದೇ ಲಯದಲ್ಲಿ ಪಟ್ಟಾಗ ನೋವು ತಾಳುವ ಶಕ್ತಿ ಹೆಚ್ಚು ಏರಿತ್ತು. ಮೆದುಳಿನಲ್ಲಿ ಎಂಡಾರ್ಫಿನ್ ಹೆಚ್ಚಿದ್ದರ ಗುರುತು ಅದು ಎಂದು ಅವರು ವಾದಿಸಿದರು. ಮಳೆಯಲ್ಲಿ ನೆನೆಯುತ್ತಾ, 3–0ಯಿಂದ ಸೋಲುತ್ತಾ, ಇನ್ನೂ ಹಾಡುತ್ತಲೇ ಇರುವ ಅಭಿಮಾನಿಯ ವರ್ತನೆಗೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಸಿಕ್ಕಿಲ್ಲ.

ಮೈದಾನದಲ್ಲಿ ಜೊತೆಯಾಗುವುದು ನಾಟಕ ಮಂದಿರಕ್ಕಿಂತ ಕಷ್ಟ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಒಂದು ಗೋಲಿನ ಹಿಂದಿನಿಂದ ಇನ್ನೊಂದು ಗೋಲಿನ ಹಿಂದಕ್ಕೆ 120 ಮೀಟರಿಗೂ ಹೆಚ್ಚು ದೂರ. ಅಲ್ಲಿನ ಹಾಡು ಇಲ್ಲಿಗೆ ಮುಟ್ಟುವಾಗ ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತಡವಾಗಿರುತ್ತದೆ. ನಿಮಿಷಕ್ಕೆ 120 ತಾಳದ ಹಾಡಾದರೆ ಅದು ಅರ್ಧ ತಾಳಕ್ಕೂ ಮಿಕ್ಕಿದ ವಿಳಂಬ. ಕಿವಿಯನ್ನೇ ನಂಬಿದ ಎರಡು ಸ್ಟ್ಯಾಂಡುಗಳು ಎಂದೂ ಸರಿಯಾಗಿ ಕೂಡಿ ಹಾಡಲಾರವು. ಒಬ್ಬರಿಗಾಗಿ ಒಬ್ಬರು ಕಾಯುತ್ತಾ ಹಾಡು ಎಳೆದು ಎಳೆದು ನಿಧಾನವಾಗುತ್ತದೆ. ಇಟಲಿ, ಜರ್ಮನಿಗಳ ‘ಅಲ್ಟ್ರಾ’ ಗುಂಪುಗಳು ಇದಕ್ಕೆ ಕಂಡುಕೊಂಡ ಉಪಾಯ ಕಣ್ಣು. ಅವರ ಮುಂದಾಳು, ಕಾಪೊ, ಮೈದಾನಕ್ಕೆ ಬೆನ್ನು ಹಾಕಿ ಬೇಲಿಯ ಮೇಲೆ ನಿಂತು, ಕೈ ಬೀಸುತ್ತಾ ಮೆಗಾಫೋನಿನಲ್ಲಿ ಮೊದಲ ಸಾಲು ಹೇಳಿಕೊಡುತ್ತಾನೆ. ಭಜನೆಯಲ್ಲಿ ಒಬ್ಬರು ಹೇಳಿಕೊಟ್ಟು ಉಳಿದವರು ಎತ್ತಿಕೊಳ್ಳುವ ಹಾಗೆ. ಅವನ ಕೈ ಎಲ್ಲರಿಗೂ ಒಂದೇ ಕ್ಷಣದಲ್ಲಿ ಕಾಣುತ್ತದೆ. ಪಂದ್ಯದ ಬಹುಪಾಲನ್ನು ಆತ ನೋಡುವುದೇ ಇಲ್ಲ.

ಈ ಕಾಪೊ ವ್ಯವಸ್ಥೆಯನ್ನು ಕಂಡು ಇಂಗ್ಲೆಂಡಿನ ಹಳಬರು ಮೂಗು ಮುರಿಯುವುದುಂಟು. ಇದೂ ತಯಾರಿಸಿದ ಗದ್ದಲವೇ, ಆಟಕ್ಕೂ ಹಾಡಿಗೂ ಸಂಬಂಧವಿಲ್ಲದೆ 90 ನಿಮಿಷ ಒಂದೇ ಸಮ ಹಾಡುವುದರಲ್ಲಿ ಏನಿದೆ ಎಂಬುದು ಅವರ ತಕರಾರು. ಅವರಿಗೆ ಬೇಕಾದದ್ದು ಆಟದಿಂದಲೇ ಹುಟ್ಟುವ ಸದ್ದು: ಟ್ಯಾಕಲ್‌ಗೆ ಒಂದು ಗುಡುಗು, ಕಾರ್ನರ್‌ಗೆ ಏರುವ ಗುಜುಗುಜು, ಚೆಂಡು ಕಂಬದ ಪಕ್ಕದಲ್ಲಿ ಹಾದುಹೋದಾಗ ಸಾವಿರಾರು ಎದೆಗಳಿಂದ ಒಮ್ಮೆಗೇ ಹೊರಡುವ ‘ಓಹ್’. ಈ ತಕರಾರಿನಲ್ಲಿ ಹುರುಳಿದೆ. ಡಬ್ಬಿಯ ಸದ್ದು ಸೋತದ್ದೂ ಇಲ್ಲೇ. ಸ್ಟುಡಿಯೋದಲ್ಲಿ ಕುಳಿತ ಧ್ವನಿ ತಂತ್ರಜ್ಞ ಚಿತ್ರ ನೋಡಿ, ಬೆರಳು ಒತ್ತಿ, ಕೂಗು ಹೊರಡಿಸುವಷ್ಟರಲ್ಲಿ ಕ್ಷಣ ಕಳೆದಿರುತ್ತದೆ. ಮೈದಾನದ ಜನ ಹಾಗೆ ಆದ ಮೇಲೆ ಕೂಗುವವರಲ್ಲ. ಮೈದಾನದ ಅಂಚಿನಲ್ಲಿ ಓಡುವವನ ಮುಂದೆ ಜಾಗ ತೆರೆದುಕೊಂಡದ್ದನ್ನು ಅವನಿಗಿಂತ ಮೊದಲೇ ಕಂಡು ಎದ್ದು ನಿಲ್ಲುತ್ತಾರೆ. ಗೋಲ್‌ಗೆ ಮುಂಚಿನ ಆ ಉಸಿರು ಹಿಡಿದ ಅರೆಕ್ಷಣದಲ್ಲಿ ಏನೋ ಆಗಲಿದೆ ಎಂಬ ಮಾಹಿತಿಯಿದೆ. ಮುದ್ರಿಸಿದ ಕೂಗಿನಲ್ಲಿ ಶಕ್ತಿಯಿದೆ, ಮಾಹಿತಿಯಿಲ್ಲ.

ಜಪಾನಿನಲ್ಲಿ ಬೇರೊಂದು ಪ್ರಯತ್ನ ನಡೆಯಿತು. ಸಂಗೀತ ವಾದ್ಯಗಳ ಕಂಪನಿ ಯಮಾಹಾ ಒಂದು ಆ್ಯಪ್ ಮಾಡಿತು. ಮನೆಯಲ್ಲಿ ಕುಳಿತ ಅಭಿಮಾನಿ ಗುಂಡಿ ಒತ್ತಿದರೆ ಅವನ ಚಪ್ಪಾಳೆಯೋ ಹುರಿದುಂಬಿಸುವ ಕೂಗೋ ಬೈಗುಳವೋ ಖಾಲಿ ಮೈದಾನದ ಸ್ಪೀಕರುಗಳಿಂದ ಹೊರಡುತ್ತಿತ್ತು. 2020ರ ಮೇ ತಿಂಗಳಲ್ಲಿ ಶಿಜುವೊಕಾ ಪ್ರಾಂತದ ಎಕೋಪಾ ಕ್ರೀಡಾಂಗಣದಲ್ಲಿ ಅದರ ಪರೀಕ್ಷೆ ನಡೆಯಿತು. ಧ್ವನಿ ಯಂತ್ರದ್ದು, ಆದರೆ ಯಾವಾಗ ಕೂಗಬೇಕು, ಯಾವಾಗ ಸುಮ್ಮನಿರಬೇಕು ಎಂಬ ತೀರ್ಮಾನ ಜನರದ್ದು. ಆ ವರ್ಷದ ಎಲ್ಲ ಪ್ರಯೋಗಗಳಲ್ಲಿ ನನಗೆ ಒಪ್ಪಿಗೆಯಾದದ್ದು ಇದೊಂದೇ.

ಜನರ ಗದ್ದಲ ಕೇವಲ ಅಲಂಕಾರವಲ್ಲ, ಫಲಿತಾಂಶವನ್ನೂ ತಿರುಗಿಸುತ್ತದೆ ಎಂಬ ಗುಮಾನಿ ಹಳೆಯದು. 2002ರಲ್ಲಿ ಅಲನ್ ನೆವಿಲ್ ಮತ್ತು ಜೊತೆಗಾರರು 40 ಮಂದಿ ಅರ್ಹ ರೆಫರಿಗಳಿಗೆ ಲಿವರ್‌ಪೂಲ್–ಲೆಸ್ಟರ್ ಪಂದ್ಯವೊಂದರ 47 ಟ್ಯಾಕಲ್‌ಗಳ ವಿಡಿಯೋ ತೋರಿಸಿದರು. ಕೆಲವರಿಗೆ ಜನರ ಸದ್ದಿನೊಂದಿಗೆ, ಉಳಿದವರಿಗೆ ಸದ್ದಿಲ್ಲದೆ. ಸದ್ದು ಕೇಳಿದವರು ತವರು ತಂಡದ ವಿರುದ್ಧ ಕೊಟ್ಟ ಫೌಲ್‌ಗಳು ಶೇಕಡಾ 15.5 ಕಡಿಮೆ! ಅವರು ಕೇಳಿದ್ದೂ ಮುದ್ರಿತ ಸದ್ದೇ. ಆದರೆ ಅದು ಆಯಾ ಟ್ಯಾಕಲ್‌ಗೆ ಆಯಾ ಕ್ಷಣದಲ್ಲಿ ಜನ ಕೊಟ್ಟ ಪ್ರತಿಕ್ರಿಯೆ. ಗೊಂದಲದಲ್ಲಿರುವ ರೆಫರಿಗೆ ಅದೂ ಒಂದು ಸಾಕ್ಷಿಯಾಗಿ ಕೆಲಸ ಮಾಡುತ್ತದೆ. ಪ್ರಯೋಗಶಾಲೆಯ ಈ ಮಾತನ್ನು ಇಡೀ ಲೀಗ್‌ಗಳ ಮೇಲೆ ಪರೀಕ್ಷಿಸಿ ನೋಡುವ ಅವಕಾಶವನ್ನು ಕೋವಿಡ್ ಒದಗಿಸಿತು. ಬುಂಡೆಸ್‌ಲೀಗಾ ಮರಳಿದ ಮೊದಲ ಸುತ್ತಿನ ಒಂಬತ್ತು ಪಂದ್ಯಗಳಲ್ಲಿ ತವರಿನಲ್ಲಿ ಗೆದ್ದದ್ದು ಡಾರ್ಟ್‌ಮಂಡ್ ಒಂದೇ. ಬಹುಪಾಲು ಖಾಲಿ ಮೈದಾನಗಳಲ್ಲೇ ನಡೆದ 2020–21ರ ಪ್ರೀಮಿಯರ್ ಲೀಗಿನಲ್ಲಿ ತವರಿನ ಗೆಲುವು 144, ಹೊರಗಿನವರ ಗೆಲುವು 153. ಇಂಗ್ಲೆಂಡಿನ ಅಗ್ರ ಲೀಗಿನ ಇತಿಹಾಸದಲ್ಲಿ ಹಿಂದೆಂದೂ ಹಾಗಾಗಿರಲಿಲ್ಲ. ರೆಫರಿಗಳು ಅತಿಥಿ ತಂಡಕ್ಕೆ ತೋರಿಸುವ ಹಳದಿ ಕಾರ್ಡುಗಳೂ ಇಳಿದವೆಂದು ಹಲವು ಲೀಗ್‌ಗಳ ಅಧ್ಯಯನಗಳು ಹೇಳಿವೆ. ಜನರೊಂದೇ ಕಾರಣವೆಂದು ಖಚಿತವಾಗಿ ಹೇಳಲಾಗದು, ಒತ್ತೊತ್ತಾದ ವೇಳಾಪಟ್ಟಿಯಂಥ ಬೇರೆ ಬದಲಾವಣೆಗಳೂ ಇದ್ದವು. ಆದರೂ ಬಾಣ ತೋರಿಸುವ ದಿಕ್ಕು ಒಂದೇ.

ಗದ್ದಲಕ್ಕೆ ಇಷ್ಟು ಬೆಲೆಯಿದ್ದಲ್ಲಿ ಕಳ್ಳಸರಕು ಬರದೆ ಇರುತ್ತದೆಯೇ? ಅಮೆರಿಕನ್ ಫುಟ್‌ಬಾಲಿನ ಅಟ್ಲಾಂಟಾ ಫಾಲ್ಕನ್ಸ್ ತಂಡ 2013 ಮತ್ತು 2014ರಲ್ಲಿ ತನ್ನ ಮೈದಾನದಲ್ಲಿ, ಜನ ತುಂಬಿರುವಾಗಲೇ, ಸ್ಪೀಕರಿನಿಂದ ಜನರ ಕೂಗು ಹೊರಡಿಸಿತ್ತು. ಎದುರಾಳಿಗಳಿಗೆ ತಮ್ಮತಮ್ಮ ಸಂಕೇತಗಳು ಕೇಳಿಸದಿರಲಿ ಎಂದು. ಸಿಕ್ಕಿಬಿದ್ದು 3,50,000 ಡಾಲರ್ ದಂಡ ತೆತ್ತು, ಹೊಸ ಆಟಗಾರರನ್ನು ಆರಿಸುವ ಒಂದು ಸರದಿಯನ್ನೂ ಕಳೆದುಕೊಂಡಿತು. ಇದರ ಮೂಲ ಬಹಳ ಹಿಂದಿನದು. ರೋಮಿನ ಚಕ್ರವರ್ತಿ ನೀರೋ ತನ್ನ ಹಾಡಿಗೆ ಚಪ್ಪಾಳೆ ತಟ್ಟಲು ಐದು ಸಾವಿರ ಯುವಕರನ್ನು ತರಬೇತು ಮಾಡಿಸಿ ಇಟ್ಟುಕೊಂಡಿದ್ದನೆಂದು ಚರಿತ್ರೆಕಾರ ಸ್ಯುಟೋನಿಯಸ್ ಬರೆದಿದ್ದಾನೆ. ಜೇನಿನ ಝೇಂಕಾರದಂಥದು, ಹೆಂಚಿನ ಸದ್ದಿನಂಥದು ಎಂದು ಚಪ್ಪಾಳೆಯಲ್ಲೇ ಬಗೆಗಳಿದ್ದವಂತೆ.

ಜನ ತುಂಬಿದ ಫುಟ್‌ಬಾಲ್ ಮೈದಾನಗಳಲ್ಲಿ ಅಭಿಮಾನಿಗಳ ಜಗಳ ಇಷ್ಟು ನಾಟಕೀಯವಲ್ಲ. ಗೋಲ್ ಆದೊಡನೆ ಸ್ಪೀಕರಿನಿಂದ ಸಿಡಿಯುವ ಹಾಡು ಜರ್ಮನಿಯಲ್ಲಿ ಬಹುತೇಕ ಒಪ್ಪಿತ ಪದ್ಧತಿ. ಇಂಗ್ಲೆಂಡಿನಲ್ಲಿ ಅನೇಕರಿಗೆ ಅದು ಅಪಚಾರ: ಗೋಲ್‌ನ ಕೂಗು ತಾನಾಗಿ ಏರಿ, ತಾನಾಗಿ ಹಾಡಾಗುವ ಮುನ್ನವೇ ಅದರ ಬಾಯಿ ಮುಚ್ಚಿಸಿದಂತೆ. ಲೆಸ್ಟರ್ ಸಿಟಿ ಪ್ರತಿ ಕುರ್ಚಿಯ ಮೇಲೂ ರಟ್ಟಿನ ಚಪ್ಪಾಳೆಪಟ್ಟಿ ಇಡುತ್ತಿತ್ತು. ಬೇರೆ ಊರುಗಳವರು ಅದನ್ನು ಆಡಿಕೊಂಡರು. ಅದೇ ಲೆಸ್ಟರ್ 2016ರಲ್ಲಿ ಚಾಂಪಿಯನ್ ಆಗಿ ಆಡಿಕೊಂಡವರ ಬಾಯಿ ಮುಚ್ಚಿಸಿತು. ನಮ್ಮ ಕ್ರಿಕೆಟ್ ಮೈದಾನಗಳಲ್ಲಿ ಡಿ.ಜೆ. ತುತ್ತೂರಿಯ ತುಣುಕು ಹಾಕಿದೊಡನೆ ಹತ್ತಾರು ಸಾವಿರ ಜನ ಒಟ್ಟಿಗೆ ಉತ್ತರ ಕೊಡುತ್ತೇವೆ. ಅದನ್ನು ಅವಮಾನವೆಂದು ಯಾರೂ ಎಣಿಸಿದ್ದು ಕಾಣೆ. ಓವರಿಗೂ ಓವರಿಗೂ ನಡುವೆ ಬಿಡುವಿರುವ ಆಟ ಅದು, ಡಿ.ಜೆ.ಗೆ ಜಾಗವಿದೆ. ಫುಟ್‌ಬಾಲಿನಲ್ಲಿ ಬಿಡುವೇ ಇಲ್ಲ.

ಹಾಗೆಂದು ಮನುಷ್ಯರ ಉಸಿರಿನಿಂದ ಹೊರಟದ್ದೆಲ್ಲ ಎಲ್ಲರಿಗೂ ಪ್ರಿಯವೆಂದಲ್ಲ. 2010ರ ದಕ್ಷಿಣ ಆಫ್ರಿಕಾ ವಿಶ್ವಕಪ್ಪಿನ ವುವುಜೆಲಾ ಎಂಬ ತುತ್ತೂರಿ ನೆನಪಿರಬಹುದು. ಸುಮಾರು 233 ಹರ್ಟ್ಸ್‌ನ ಒಂದೇ ಸ್ವರ, ಅದರ ಮೇಲೆ ಒಂದಷ್ಟು ಉಪಸ್ವರಗಳು. ಬಾಯಿ ಹತ್ತಿರ ಅಳೆದರೆ 130 ಡೆಸಿಬೆಲ್ ಆಸುಪಾಸು. 100 ಡೆಸಿಬೆಲ್ಲಿನಲ್ಲಿ ಕಾಲು ಗಂಟೆ ಕಳೆದರೇ ಆ ದಿನದ ಸುರಕ್ಷಿತ ಮಿತಿ ಮುಗಿಯುತ್ತದೆ ಎಂಬುದು ಕಿವಿತಜ್ಞರ ಲೆಕ್ಕ. ದಕ್ಷಿಣ ಆಫ್ರಿಕಾದ ಕ್ಲಬ್ ಪಂದ್ಯಗಳಲ್ಲಿ ಅದು ಮೊದಲಿನಿಂದ ಇದ್ದದ್ದೇ, ಅಲ್ಲಿಯವರದ್ದೇ. ಆದರೆ ಗೋಲ್‌ಗೂ ಥ್ರೋಗೂ ಅದು ಒಂದೇ ಸ್ವರ. ಟಿವಿಯವರು ಆ ಕಂಪನಾಂಕಗಳನ್ನೇ ಸೋಸಿ ತೆಗೆಯುವ ಫಿಲ್ಟರ್ ಹಾಕಿದರು. ಅದೇ ಸೆಪ್ಟೆಂಬರ್‌ನಲ್ಲಿ ಯುರೋಪಿನ ಫುಟ್‌ಬಾಲ್ ಒಕ್ಕೂಟ ಯುಇಎಫ್‌ಎ ತನ್ನ ಪಂದ್ಯಗಳಿಂದ ವುವುಜೆಲಾವನ್ನು ಹೊರಗಿಟ್ಟಿತು. ಅದು ಇನ್ನೊಬ್ಬರ ಹಾಡನ್ನು ನುಂಗುತ್ತದೆ ಎಂಬ ದೂರು ನ್ಯಾಯವಾದದ್ದು. ಜೊತೆಗೆ ಅಪರಿಚಿತರ ಗದ್ದಲವಷ್ಟೇ ಗದ್ದಲವೆನಿಸುವ ಮನುಷ್ಯಸ್ವಭಾವವೂ ಒಂದಿಷ್ಟು ಸೇರಿತ್ತು.

ಯಂತ್ರದಿಂದ ಬಂದದ್ದೆಲ್ಲ ಹೊರಗಿನದಾಗಿಯೇ ಉಳಿಯುತ್ತದೆ ಎಂಬುದೂ ಸುಳ್ಳು. ಲಿವರ್‌ಪೂಲಿನ ಆ್ಯನ್‌ಫೀಲ್ಡಿನಲ್ಲಿ ಪ್ರತಿ ಪಂದ್ಯಕ್ಕೂ ಮುಂಚೆ ಜನ ಸ್ಕಾರ್ಫ್ ಎತ್ತಿ ಹಾಡುವ ‘ಯೂ ವಿಲ್ ನೆವರ್ ವಾಕ್ ಅಲೋನ್’, 1945ರ ‘ಕ್ಯಾರೊಸೆಲ್’ ಎಂಬ ಅಮೆರಿಕದ ಸಂಗೀತನಾಟಕದ್ದು. 1963ರಲ್ಲಿ ಲಿವರ್‌ಪೂಲಿನದೇ ಗೆರಿ ಆ್ಯಂಡ್ ದ ಪೇಸ್‌ಮೇಕರ್ಸ್ ತಂಡ ಹಾಡಿದ ರೆಕಾರ್ಡು ಜನಪ್ರಿಯತೆಯ ಪಟ್ಟಿಯ ತುದಿಗೇರಿತು. ಆಟಕ್ಕೆ ಮುಂಚೆ ಆ ವಾರದ ಹೆಸರಾದ ಹಾಡುಗಳನ್ನು ಸ್ಪೀಕರಿನಲ್ಲಿ ಹಾಕುವುದು ಆ್ಯನ್‌ಫೀಲ್ಡಿನ ರೂಢಿಯಾಗಿತ್ತು. ಪಟ್ಟಿಯಿಂದ ಇಳಿದ ಮೇಲೂ ಜನ ಈ ಹಾಡನ್ನು ಬಿಡಲಿಲ್ಲ. ಸ್ಪೀಕರ್ ಈಗಲೂ ಶುರು ಮಾಡಿಕೊಡುತ್ತದೆ, ಕೊನೆಗೆ ಕೇಳಿಸುವುದು ಮಾತ್ರ ಜನ. ಅದೇ ಪಟ್ಟಿಯಲ್ಲಿದ್ದ ಬೇರೆ ಎಷ್ಟೋ ಹಾಡುಗಳನ್ನು ಅವರು ಎತ್ತಿಕೊಳ್ಳಲಿಲ್ಲ ಎಂಬುದೇ ಇಲ್ಲಿ ಮುಖ್ಯ. ಬೇಡವೆನ್ನಲು ಬರುತ್ತಿದ್ದವರು ಬೇಕೆಂದಾಗಷ್ಟೇ ಅದು ಅವರದ್ದಾಯಿತು.

ಕ್ಲಬ್ಬುಗಳು ಸದ್ದನ್ನು ತಯಾರಿಸಲು ಹೊರಡುವುದು ಅದು ಕ್ಷೀಣಿಸಿದಾಗ. ಕ್ಷೀಣಿಸಿದ್ದಕ್ಕೆ ಕಾರಣಗಳಿವೆ. 1989ರಲ್ಲಿ ಹಿಲ್ಸ್‌ಬರೊ ಮೈದಾನದ ನೂಕುನುಗ್ಗಲಿನ ದುರಂತದಲ್ಲಿ 97 ಲಿವರ್‌ಪೂಲ್ ಅಭಿಮಾನಿಗಳು ಸತ್ತರು. ತಪ್ಪು ಅಭಿಮಾನಿಗಳದ್ದಲ್ಲ, ಪೊಲೀಸರ ನಿರ್ವಹಣೆಯದ್ದು ಎಂದು 2016ರಲ್ಲಿ ವಿಚಾರಣಾ ಮಂಡಳಿ ಸಾರಿತು. ಆದರೆ ದುರಂತದ ತನಿಖೆ ನಡೆಸಿದ 1990ರ ಟೇಲರ್ ವರದಿಯ ನಂತರ ಇಂಗ್ಲೆಂಡಿನ ಮೇಲಿನ ಎರಡು ವಿಭಾಗಗಳ ಮೈದಾನಗಳು ಬಹುತೇಕ 1994ರ ಹೊತ್ತಿಗೆ ಕುರ್ಚಿಮಯವಾದವು. ಕುಳಿತವರ ಎದೆ ಮಡಚಿರುತ್ತದೆ, ಜನ ವಿರಳವಾಗುತ್ತಾರೆ, ಗೆಳೆಯರು ಬೇರೆ ಬೇರೆ ಸಾಲಿಗೆ ಹಂಚಿಹೋಗುತ್ತಾರೆ. ಟಿಕೆಟ್ ದರ ಏರಿ ಹುಡುಗರು ಹೊರಗುಳಿಯುತ್ತಾರೆ. ಸ್ಟೇಡಿಯಂಗಳ ಅಲೆಗಳನ್ನು ಅಧ್ಯಯನ ಮಾಡಿದ ತಮಾಷ್ ವಿಚೆಕ್ ಮೊದಲಾದವರ ತಂಡ, ‘ಮೆಕ್ಸಿಕನ್ ಅಲೆ’ಯೊಂದನ್ನು ಎಬ್ಬಿಸಲು ಒಂದೆಡೆ ಕೂಡಿದ 25–35 ಮಂದಿ ಸಾಕು ಎಂದು 2002ರಲ್ಲಿ ಕಂಡಿತ್ತು. ಹಾಡಿಗೂ ಅಂಥದ್ದೊಂದು ಹೊಸ್ತಿಲಿರಬೇಕು ಎಂಬುದು ನನ್ನ ಊಹೆ. ಅರ್ಧ ಮೈದಾನ ಮೌನವಾದರೆ ಕಳೆದುಹೋಗುವುದು 3 ಡೆಸಿಬೆಲ್. ಕೂಡಿ ನಿಲ್ಲುತ್ತಿದ್ದ ಮೂವತ್ತು ಜನ ಚದುರಿದರೆ ಹಾಡು ಹುಟ್ಟುವುದೇ ಇಲ್ಲ.

ಕಟ್ಟಡವೂ ಲೆಕ್ಕಕ್ಕೆ ಬರುತ್ತದೆ. 2016ರಲ್ಲಿ ವೆಸ್ಟ್ ಹ್ಯಾಮ್ ತನ್ನ ಇಕ್ಕಟ್ಟಾದ ಹಳೆಯ ಮನೆ ಬಿಟ್ಟು ಒಲಿಂಪಿಕ್ಸ್‌ಗೆಂದು ಕಟ್ಟಿದ ಲಂಡನ್ ಸ್ಟೇಡಿಯಮ್ಮಿಗೆ ಹೋದಾಗ ಅಭಿಮಾನಿಗಳ ಮೊದಲ ದೂರೇ ಓಟದ ಪಥದ ಅಗಲದ ಬಗ್ಗೆ. ನಮ್ಮ ಶ್ರೀ ಕಂಠೀರವದಲ್ಲೂ ಅದೇ ಸ್ಥಿತಿ. ಬೆಂಗಳೂರು ಎಫ್‌ಸಿಯ ‘ವೆಸ್ಟ್ ಬ್ಲಾಕ್ ಬ್ಲೂಸ್’ ಹುಡುಗರ ಹಾಡು ಅಥ್ಲೆಟಿಕ್ಸ್ ಟ್ರ್ಯಾಕ್ ದಾಟಿ ಹುಲ್ಲು ಮುಟ್ಟಬೇಕು. ಟಾಟನ್‌ಹ್ಯಾಮ್ 2019ರಲ್ಲಿ ತೆರೆದ ಮೈದಾನದಲ್ಲಿ 17,500 ಜನರ ಒಂದೇ ಅಂತಸ್ತಿನ ದಕ್ಷಿಣ ಸ್ಟ್ಯಾಂಡ್ ಕಟ್ಟಿಸಿತು. ಸದ್ದು ಹೊರಹೋಗದೆ ಒಳಕ್ಕೇ ಮರಳುವಂತೆ ವಿನ್ಯಾಸ ಮಾಡಿಸಿತು. ಮಾದರಿ ಡಾರ್ಟ್‌ಮಂಡಿನ ಹಳದಿ ಗೋಡೆ. 2022ರ ಜನವರಿಯಿಂದ ಕೆಲವು ಇಂಗ್ಲಿಷ್ ಮೈದಾನಗಳಲ್ಲಿ, ಕಂಬಿ ಹಾಕಿದ ಸಾಲುಗಳಲ್ಲಿ, ನಿಂತು ನೋಡುವುದಕ್ಕೆ ಮತ್ತೆ ಪರವಾನಗಿ ಸಿಕ್ಕಿದೆ. ಇವನ್ನು ‘ತಯಾರಿಸಿದ ಕಳೆ’ ಎಂದು ಯಾರೂ ಹಳಿಯುವುದಿಲ್ಲ. ಇವು ಜನರ ಬದಲಿಗೆ ಕೂಗುವುದಿಲ್ಲ, ಜನ ಕೂಗಿದರೆ ಒದಗಿಬರುತ್ತವೆ.

ಯಾರು ನಿಜವಾದ ಅಭಿಮಾನಿ ಎಂಬ ಪ್ರಶ್ನೆ 2022ರ ನವೆಂಬರಿನಲ್ಲಿ ಕತಾರಿನಲ್ಲಿ ವಿಚಿತ್ರ ತಿರುವು ಪಡೆಯಿತು. ವಿಶ್ವಕಪ್ಪಿಗೆ ಮುನ್ನ ದೋಹಾದ ಬೀದಿಗಳಲ್ಲಿ ಅರ್ಜೆಂಟೀನಾ, ಬ್ರೆಜಿಲ್, ಇಂಗ್ಲೆಂಡ್ ಅಂಗಿ ತೊಟ್ಟು ಚೆಂಡೆ ಬಡಿದು ಕುಣಿದವರಲ್ಲಿ ಬಹಳಷ್ಟು ಮಂದಿ ಅಲ್ಲೇ ದುಡಿಯುವ ಮಲಯಾಳಿಗಳು. ಯುರೋಪಿನ ಹಲವರು ಅವರನ್ನು ಬಾಡಿಗೆ ಅಭಿಮಾನಿಗಳೆಂದು ಶಂಕಿಸಿದರು. ವಿಶ್ವಕಪ್ ಬಂದಾಗ ಕೇರಳದ ಹಳ್ಳಿಹಳ್ಳಿಯಲ್ಲಿ ಮೆಸ್ಸಿ, ನೇಮಾರ್‌ರ ಕಟೌಟು ಎದ್ದು ನಿಲ್ಲುವುದನ್ನು ಪಕ್ಕದಲ್ಲೇ ಇದ್ದು ಕಂಡ ನಮಗೆ ಆ ಶಂಕೆ ನಗು ತರಿಸಿತು. ಇನ್ನೊಂದು ಕಡೆ, ಸಂಘಟಕರು ಹಲವು ದೇಶಗಳ ಅಭಿಮಾನಿಗಳನ್ನು ವಿಮಾನ, ವಸತಿಯ ಖರ್ಚು ಕೊಟ್ಟು ಕರೆಸಿಕೊಂಡದ್ದು ನಿಜವೇ ಆಗಿತ್ತು. ಕತಾರ್ ತಂಡಕ್ಕೆ ಗೋಲ್ ಹಿಂದೆ ನಿಂತು ಹಾಡಲು ಲೆಬನಾನ್ ಮೊದಲಾದ ಕಡೆಯ ಯುವಕರು ಬಂದಿದ್ದರು. ಉದ್ಘಾಟನಾ ಪಂದ್ಯದಲ್ಲಿ ಈಕ್ವಡಾರ್ ಎದುರು ಕತಾರ್ 0–2ರಿಂದ ಸೋಲುತ್ತಿದ್ದಾಗ ಉಳಿದ ಸ್ಟ್ಯಾಂಡುಗಳು ಎರಡನೇ ಅವಧಿಯಲ್ಲಿ ಖಾಲಿಯಾಗತೊಡಗಿದವು. ಈ ಗುಂಪಿನ ತಾಳ ನಿಲ್ಲಲಿಲ್ಲ. ಬೇಸರವಾಗಿ ಎದ್ದುಹೋದವರೇ ಅಂದು ಹೆಚ್ಚು ಪ್ರಾಮಾಣಿಕರಾಗಿದ್ದರು ಎಂದು ನನಗನ್ನಿಸುತ್ತದೆ.

ಸುಮ್ಮನಾಗುವುದನ್ನೇ ಜರ್ಮನಿಯ ಅಭಿಮಾನಿಗಳು ಒಮ್ಮೆ ಅಸ್ತ್ರ ಮಾಡಿಕೊಂಡಿದ್ದರು. 2012ರ ಡಿಸೆಂಬರ್ 12ರಂದು ಲೀಗ್ ಆಡಳಿತ, ಮೈದಾನದ ಭದ್ರತೆಯ ಬಿಗಿ ನಿಯಮಗಳನ್ನು ಮತಕ್ಕೆ ಹಾಕುವುದಿತ್ತು. ಅದಕ್ಕೆ ಮುಂಚಿನ ಪಂದ್ಯಗಳಲ್ಲಿ ದೇಶದುದ್ದಕ್ಕೂ ಸ್ಟ್ಯಾಂಡುಗಳು ಮೊದಲ 12 ನಿಮಿಷ 12 ಸೆಕೆಂಡ್ ಬಾಯಿ ಬಿಗಿಹಿಡಿದು ಕುಳಿತವು. ಹಾಡಿಲ್ಲ, ತಮಟೆಯಿಲ್ಲ, ಬಾವುಟವಿಲ್ಲ. ನಮ್ಮ ದನಿಗೆ ಬೆಲೆಯಿಲ್ಲದಿದ್ದರೆ ಆಟಕ್ಕೆ ಕಳೆಯೂ ಇಲ್ಲ ಎಂಬ ಎಚ್ಚರಿಕೆ ಅದು. ಗಡಿಯಾರ ಹದಿಮೂರನೇ ನಿಮಿಷಕ್ಕೆ ಕಾಲಿಟ್ಟೊಡನೆ ತಡೆಹಿಡಿದ ಕೂಗೆಲ್ಲ ಒಟ್ಟಿಗೆ ಸಿಡಿಯಿತು. ಆಡಳಿತ ಮಣಿಯಲಿಲ್ಲ, ನಿಯಮಗಳು ಅಂಗೀಕಾರವಾದವು.

ಲಿವರ್‌ಪೂಲಿನವರ ಕಥೆ ಬೇರೆ. ಹೊಸ ಸ್ಟ್ಯಾಂಡಿನ ಅತಿ ದುಬಾರಿ ಟಿಕೆಟ್‌ಗೆ 77 ಪೌಂಡ್ ಎಂದು ಕ್ಲಬ್ ಸಾರಿದಾಗ, 2016ರ ಫೆಬ್ರವರಿ 6ರಂದು, ಸಂಡರ್‌ಲ್ಯಾಂಡ್ ಎದುರಿನ ಪಂದ್ಯದ 77ನೇ ನಿಮಿಷಕ್ಕೆ ಸುಮಾರು ಹತ್ತು ಸಾವಿರ ಜನ ಎದ್ದು ಹೊರನಡೆದರು. ಆಗ ಲಿವರ್‌ಪೂಲ್ 2–0 ಮುಂದಿತ್ತು. ಉಳಿದ ನಿಮಿಷಗಳಲ್ಲಿ ಸಂಡರ್‌ಲ್ಯಾಂಡ್ ಎರಡು ಗೋಲ್ ಹೊಡೆದು ಪಂದ್ಯವನ್ನು ಸಮ ಮಾಡಿತು. ಆ ಗೋಲ್‌ಗಳಿಗೂ ಖಾಲಿ ಕುರ್ಚಿಗಳಿಗೂ ಕಾರ್ಯಕಾರಣ ಸಂಬಂಧವಿದೆಯೆಂದು ಯಾವ ಸಂಖ್ಯಾಶಾಸ್ತ್ರಜ್ಞರೂ ಒಪ್ಪರು. ನಾಲ್ಕು ದಿನ ಕಳೆದ ಮೇಲೆ ಕ್ಲಬ್ಬಿನ ಮಾಲೀಕರು ಕ್ಷಮೆ ಕೇಳಿ 77 ಪೌಂಡಿನ ದರವನ್ನು ಹಿಂದೆಗೆದುಕೊಂಡರು. ಗರಿಷ್ಠ ದರ ಎರಡು ಋತುಗಳ ಕಾಲ 59 ಪೌಂಡಿನಲ್ಲೇ ನಿಂತಿತು.